ನಾಲ್ಕು ಚಕ್ರಗಳ ಬಲ ಎಲ್ಲಿ ತುಂಡಾಯಿತು?

ತುಮಕೂರು ಜಿಲ್ಲೆಯ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳಿಗೆ ಗಟ್ಟಿಯಾದ ರಸ್ತೆಯುಂಟು. ಅದನ್ನು ಬಿಟ್ಟು ಮಳೆಗಾಲದಲ್ಲಿ ಹೊಲದ ಬಂಡಿಜಾಡಿಗೆ ಇಳಿದರೆ ಕೆಸರೇ ಗತಿ. ಹಿಂಚಕ್ರಗಳು ವೃಥಾ ಗಿರಕಿ ಹೊಡೆಯುವಾಗ ಜೀಪಿನ ಚಾಲಕನು ನಾಲ್ಕು ಚಕ್ರಗಳ ಚಾಲನೆಯ ಲಿವರನ್ನು ಎಳೆಯುತ್ತಾನೆ. ಆದರೂ ಮುಂಚಕ್ರಗಳು ಅಲುಗದಿದ್ದರೆ? ಗೇರುಪೆಟ್ಟಿಗೆಯನ್ನು ಬಿಚ್ಚಿಸಿ ಹಣವನ್ನು ವ್ಯಯಮಾಡುವುದಕ್ಕೆ ಮೊದಲು, ಬಲವು ಸಾಗುವ ದಾರಿಯನ್ನು ತಿಳಿಯುವುದು ಲೇಸು.

ಎರಡನೆಯ ಮಹಾಯುದ್ಧದಲ್ಲಿ ಹೆಸರಾದ ವಿಲ್ಲೀಸ್ ಜೀಪನ್ನು ಮಹೀಂದ್ರ ಸಂಸ್ಥೆಯು 1940ರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲಿ ಜೋಡಿಸತೊಡಗಿತು. ಅಂತಹ ವಾಹನಗಳಲ್ಲಿ ಎಂಜಿನ್ನಿನ ಬಲವು ಗೇರುಪೆಟ್ಟಿಗೆಯಿಂದ ಟ್ರಾನ್ಸ್‌ಫರ್ ಕೇಸ್ ಎಂಬ ಎರಡನೆಯ ಪೆಟ್ಟಿಗೆಗೆ ಬರುತ್ತದೆ. ಲಿವರನ್ನು ಎಳೆದಾಗ ಅಲ್ಲಿಂದ ಮುಂದಿನ ಪ್ರೊಪೆಲ್ಲರ್ ಷಾಫ್ಟಿಗೂ, ಡಿಫರೆನ್ಷಿಯಲ್ಲಿಗೂ, ಆಕ್ಸಲುಗಳ ಮೂಲಕ ಚಕ್ರಗಳಿಗೂ ಸಾಗುತ್ತದೆ. ಕೆಲವು ವಾಹನಗಳಲ್ಲಿ ಆಕ್ಸಲನ್ನು ಚಕ್ರಕ್ಕೆ ಕೂಡಿಸುವ, ಬಿಡಿಸುವ ಹಬ್ಬುಗಳೂ ಇರುತ್ತವೆ.

ದೋಷವೆಂದು ತೋರುವುದೆಲ್ಲ ದೋಷವಲ್ಲ. ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಕೆಸರಿನಲ್ಲಿ ಟೈರು ಜಾರಿ ಈ ವ್ಯತ್ಯಾಸವು ತೀರುತ್ತದೆ. ಒಣ ಡಾಂಬರಿನ ಮೇಲೆ ತೀರದೆ ಷಾಫ್ಟುಗಳು ಬಿಗಿದುಕೊಂಡು ಲಿವರು ಸಿಕ್ಕಿಬೀಳುತ್ತದೆ. ವಾಹನವನ್ನು ನೇರವಾಗಿ ಕೆಲವು ಅಡಿ ಹಿಂದಕ್ಕೆ ನಡೆಸಿದರೆ ಅದು ಸಾಮಾನ್ಯವಾಗಿ ಸಡಿಲುತ್ತದೆ. ಮುಂದೆ ಹಿಂದೆ ಬೇರೆ ಬೇರೆ ಅಳತೆಯ ಟೈರುಗಳಿದ್ದರೂ ಇದೇ ತೊಂದರೆ.

ನಿಜವಾದ ದೋಷವನ್ನು ಹುಡುಕುವ ಬಗೆ ಹೀಗಿದೆ. ಮಣ್ಣಿನ ನೆಲದ ಮೇಲೆ ಲಿವರನ್ನು ಎಳೆದು, ಹಬ್ಬುಗಳನ್ನು ಕೂಡಿಸಿ, ಕೆಲವು ಗಜ ನೇರವಾಗಿ ಓಡಿಸಿರಿ. ಬಳಿಕ ಗಟ್ಟಿಯಾದ ಸಮತಟ್ಟು ನೆಲದಲ್ಲಿ ಎಂಜಿನ್ನನ್ನು ನಿಲ್ಲಿಸಿ, ಒಂದನೆಯ ಗೇರಿನಲ್ಲಿಟ್ಟು, ಹಿಂಚಕ್ರಗಳಿಗೆ ಅಡ್ಡಗಟ್ಟೆ ಕೊಡಿರಿ. ಒಂದು ಮುಂಚಕ್ರವನ್ನು ಮಾತ್ರ ಜಾಕಿನಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೈಯಿಂದ ತಿರುಗಿಸಿರಿ. ಎಲ್ಲವೂ ಸರಿಯಾಗಿದ್ದರೆ ಚಕ್ರವು ಅತ್ತಿತ್ತ ಕೊಂಚ ಅಲುಗೀತೇ ಹೊರತು ತಿರುಗದು. ಚಕ್ರದೊಡನೆ ಮುಂದಿನ ಪ್ರೊಪೆಲ್ಲರ್ ಷಾಫ್ಟೂ ತಿರುಗಿದರೆ ತಡೆಯಿರುವುದು ಟ್ರಾನ್ಸ್‌ಫರ್ ಕೇಸಿನಲ್ಲಿ, ಇಲ್ಲವೆ ಅದರ ಲಿವರಿನ ಕೊಂಡಿಗಳಲ್ಲಿ. ಷಾಫ್ಟು ನಿಂತಿದ್ದು ಚಕ್ರ ಮಾತ್ರ ತಿರುಗಿದರೆ ದೋಷವು ಮುಂದಿನ ಆಕ್ಸಲಿನ ಭಾಗದಲ್ಲಿದೆ.

ಇಲ್ಲೊಂದು ಸೋಜಿಗವುಂಟು. ಬಲಗಡೆಯ ಹಬ್ಬು ಕೂಡದಿದ್ದರೆ ಎಡಚಕ್ರವೂ ನಿರುಪಯುಕ್ತವಾಗುತ್ತದೆ! ಸಾಮಾನ್ಯ ಡಿಫರೆನ್ಷಿಯಲ್ಲು ಪ್ರತಿರೋಧವಿಲ್ಲದ ಕಡೆಯ ಆಕ್ಸಲನ್ನು ಬರಿದೆ ತಿರುಗಿಸುವುದರಿಂದ ಇನ್ನೊಂದು ಕಡೆಗೆ ಬಲವೇ ದೊರೆಯದು. ಆದುದರಿಂದ ಎತ್ತಿದ ಚಕ್ರದ ಹಬ್ಬನ್ನು ಮಾತ್ರ ದೂರದೆ, ಎರಡನ್ನೂ ಪರೀಕ್ಷಿಸಬೇಕು.

ಈಚಿನ ಅನೇಕ ವಾಹನಗಳಲ್ಲಿ ಲಿವರಿನ ಕೆಲಸವನ್ನು ವಿದ್ಯುತ್ ಮೋಟಾರು ಅಥವಾ ನಿರ್ವಾತದ ನಳಿಕೆಗಳು ಮಾಡುತ್ತವೆ. ಬಿರಿದ ನಳಿಕೆ, ಸುಟ್ಟ ಫ್ಯೂಸು, ಸಡಿಲವಾದ ತಂತಿ, ಇವುಗಳನ್ನು ಮೊದಲು ನೋಡಬೇಕು.

ಕೊನೆಯದಾಗಿ ಒಂದು ಎಚ್ಚರಿಕೆ: ಚಕ್ರವನ್ನು ಎತ್ತಿರುವಾಗ ಎಂಜಿನ್ನನ್ನು ಚಾಲೂ ಮಾಡಲೇಕೂಡದು. ನೆಲ ತಾಗಿರುವ ಚಕ್ರಗಳಿಗೆ ಬಲ ತಲುಪಿದೊಡನೆ ವಾಹನವು ಜಾಕಿನಿಂದ ಜಿಗಿದು ಪ್ರಾಣಾಪಾಯವನ್ನು ತಂದೀತು.