ಕಾರಿಗೊಂದು ಬೇರೆ ಮೀಟರ್

ಖಾನಾಪುರದ ನಮ್ಮ ಓಣಿಯಲ್ಲಿ ಎಲೆಕ್ಟ್ರಿಕ್ ಕಾರಿನ ಮಾತು ಬಂದರೆ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಎಲೆಕ್ಟ್ರಿಕಲ್ ಬಿಇ ಓದುವ ಹುಡುಗನಿಗೆ ಗೊತ್ತಿರಲೇಬೇಕು ಎಂಬ ನಂಬಿಕೆ. ಕಾಕಾ ಕೇಳುವುದು ಒಂದೇ: ‘ಮಳಿಗಾಲದಾಗ ಕರೆಂಟ್ ಹೋದ್ರ ಗಾಡಿ ಹೆಂಗ ಓಡಸೂದೋ?’

ಕಾಡಂಚಿನ ತಾಲ್ಲೂಕಿನವರಿಗೆ ಈ ಭಯ ಸಹಜ. ಆದರೆ ಲೆಕ್ಕ ಹಾಕಿ ನೋಡಿ. ಬೆಳಗಾವಿಗೆ ಹೋಗಿ ಬರಲು 50 ಕಿ.ಮೀ.ಗಿಂತ ತುಸು ಹೆಚ್ಚು. ಸಣ್ಣ ಕಾರು ಒಂದು ಯೂನಿಟ್‌ಗೆ ಆರೇಳು ಕಿ.ಮೀ. ಓಡುತ್ತದೆ. ಚಾರ್ಜ್ ಮಾಡುವಾಗ ಶಾಖವಾಗಿ ಸೋರುವುದನ್ನೂ ಸೇರಿಸಿದರೆ ದಿನಕ್ಕೆ ಸುಮಾರು 9 ಯೂನಿಟ್ ಬೇಕು. ಗೀಸರ್ ಹಾಕುವ 16 ಆಂಪಿಯರ್ ಸಾಕೆಟ್ಟು ಗಂಟೆಗೆ ಮೂರು ಯೂನಿಟ್ ಕೊಡುತ್ತದೆ. ಅಂದರೆ ರಾತ್ರಿ ಮೂರು ತಾಸು ಕರೆಂಟ್ ಇದ್ದರೆ ಸಾಕು. 30 ಯೂನಿಟ್‌ನ ಬ್ಯಾಟರಿ ತುಂಬಿದ್ದರೆ ಒಂದೆರಡು ರಾತ್ರಿ ಕರೆಂಟ್ ಬರದಿದ್ದರೂ ನಡೆಯುತ್ತದೆ.

ನನ್ನ ಚಿಂತೆ ಮೀಟರಿನದು. ತಿಂಗಳಿಗೆ 25 ದಿನ ಓಡಾಡಿದರೆ ಕಾರೊಂದೇ 225 ಯೂನಿಟ್ ತಿನ್ನುತ್ತದೆ. 2023ರಿಂದ ಜಾರಿಯಲ್ಲಿರುವ ಗೃಹಜ್ಯೋತಿಯ ಮಿತಿ 200. ಅದನ್ನು ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಲೀಟರಿಗೆ 17 ಕಿ.ಮೀ. ಎಂದು ಹಿಡಿದರೂ ಅಷ್ಟೇ ಓಡಾಟಕ್ಕೆ 75 ಲೀಟರ್ ಪೆಟ್ರೋಲ್ ಬೇಕು. ಅದರ ಮುಂದೆ ಈ ಬಿಲ್ ಸಣ್ಣದೇ. ಆದರೆ ಸೊನ್ನೆ ಬಿಲ್ಲಿಗೆ ಒಗ್ಗಿಹೋದ ಅವ್ವನಿಗೆ ಅದನ್ನು ಹೇಳುವವರು ಯಾರು! ಕಾರಿಗೆಂದೇ ಬೇರೆ ಮೀಟರ್ ಹಾಕಿಸುವುದು ಒಳ್ಳೆಯದು. ಚಾರ್ಜಿಂಗ್‌ಗೆ ಪ್ರತ್ಯೇಕ ದರವೂ ಇದೆ. ಅದಕ್ಕೂ ಮೊದಲು ಅರ್ಥಿಂಗ್ ನೋಡಿಸಬೇಕು. ಅದು ಸರಿಯಿಲ್ಲದಿದ್ದರೆ ಎಷ್ಟೋ ಚಾರ್ಜರ್‌ಗಳು ಚಾಲೂ ಆಗುವುದೇ ಇಲ್ಲ. ತೆಳು ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಅಂತೂ ಬೇಡವೇ ಬೇಡ, ತಾಸುಗಟ್ಟಲೆ ಬಿಸಿಯಾಗಿ ಕರಗೀತು. ಐಟಿಐ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವ ಗೆಳೆಯರೇ, ಅರ್ಥಿಂಗ್ ಚೆನ್ನಾಗಿ ಕಲಿಯಿರಿ. ಹಳೆಯ ಮನೆಗಳು ನಮ್ಮಲ್ಲಿ ಸಾಕಷ್ಟಿವೆ.

ಖಾನಾಪುರದಲ್ಲಿ ಅಂಗಳವಾದರೂ ಇದೆ. ಬೆಳಗಾವಿಯ ಶಹಾಪುರ, ಖಡೇಬಜಾರ್‌ದ ಇಕ್ಕಟ್ಟಿನ ಓಣಿಗಳಲ್ಲಿ ಕಾರು ನಿಲ್ಲುವುದೇ ರಸ್ತೆಯಲ್ಲಿ. ಎರಡನೇ ಮಹಡಿಯಿಂದ ವೈರ್ ಇಳಿಬಿಡಲು ಆಗುತ್ತದೆಯೇ? ಅಂಥವರಿಗೆ ಸಾರ್ವಜನಿಕ ಚಾರ್ಜರ್ರೇ ಗತಿ. ನಗರದಲ್ಲಿ ಪ್ರತಿ 3 ಕಿ.ಮೀ. ಚೌಕಕ್ಕೊಂದು, ಹೆದ್ದಾರಿಯಲ್ಲಿ 25 ಕಿ.ಮೀ.ಗೊಂದು ಕೇಂದ್ರ ಇರಬೇಕೆಂದು ಕೇಂದ್ರ ಸರ್ಕಾರ 2018ರಲ್ಲೇ ಮಾರ್ಗಸೂಚಿ ಹೊರಡಿಸಿತ್ತು. ಅಲ್ಲಿನ ಬಿಲ್ಲಿಗೆ 18% ಜಿಎಸ್‌ಟಿ ಸೇರುತ್ತದೆ, ಮನೆಯ ಕರೆಂಟಿಗೆ ಆ ತೆರಿಗೆ ಇಲ್ಲ. ವೇಗದ ಚಾರ್ಜರ್ ಕೂಡ 80% ದಾಟಿದ ಮೇಲೆ ನಿಧಾನವಾಗುತ್ತದೆ. ನಮ್ಮ ಮುಂದೆ ಇನ್ನೊಬ್ಬರ ಕಾರು ಹಚ್ಚಿದ್ದರಂತೂ ಮುಗಿದೇ ಹೋಯಿತು.

ಅದಕ್ಕೇ ನನ್ನ ಕಣ್ಣು ಉದ್ಯಮಬಾಗದ ಕಾರ್ಖಾನೆಗಳು, ಕಾಲೇಜುಗಳ ಪಾರ್ಕಿಂಗ್ ಮೇಲಿದೆ. ಅಲ್ಲಿ ಗಾಡಿಗಳು ಹಗಲೆಲ್ಲ ಸುಮ್ಮನೆ ನಿಂತಿರುತ್ತವೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕಿಲ್ಲ. ಗೋಡೆಗೆ ಹತ್ತು ಗಟ್ಟಿ ಸಾಕೆಟ್, ಪ್ರತಿಯೊಂದಕ್ಕೂ ಒಂದು ಸಬ್‌ಮೀಟರ್ ಹಾಕಿದರೆ ಹತ್ತು ಕಾರುಗಳು ಸಂಜೆಯೊಳಗೆ ಊರಿಗೆ ಹೊರಡಲು ತಯಾರು.