ಸುಕ್ರಜ್ಜಿ ಎತ್ತಿಕೊಟ್ಟ ಸೊಲ್ಲು

ಅಂಕೋಲಾ ತಾಲ್ಲೂಕಿನ ಬಡಗೇರಿಯಲ್ಲಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಮೊದಲು ಸುಕ್ರಜ್ಜಿ, ಪದ್ಮಶ್ರೀ ಎಲ್ಲ ಆಮೇಲೆ. ಹೆಗಲ ಮೇಲೆ ಗಂಟು ಹಾಕಿದ ಸೀರೆ, ರವಿಕೆಯಿಲ್ಲ, ಕೊರಳಿಂದ ಎದೆಯವರೆಗೆ ಸಾಲುಸಾಲು ಮಣಿಸರ. 2017ರಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನಕ್ಕೂ ಅವರು ಹೋದದ್ದು ಇದೇ ಹಾಲಕ್ಕಿ ಉಡುಗೆಯಲ್ಲಿ.

ಸಹ್ಯಾದ್ರಿಗೂ ಅರಬ್ಬೀ ಸಮುದ್ರಕ್ಕೂ ನಡುವಿನ ಕೊಪ್ಪಗಳಲ್ಲಿ ಬದುಕುವ ಹಾಲಕ್ಕಿ ಒಕ್ಕಲಿಗರಿಗೆ ಊರಗೌಡ, ಬುದವಂತ, ಕೋಲಕಾರರೆಂಬ ಹೊಣೆಗಾರರ ತಮ್ಮದೇ ಕಟ್ಟುಕಟ್ಟಲೆಯಿದೆ. ಸುಗ್ಗಿ ಬಂದರೆ ಗಂಡಸರು ತುರಾಯಿ ಕಟ್ಟಿ ಕುಣಿಯುತ್ತಾರೆ, ಗುಮಟೆ ಬಾರಿಸುತ್ತಾರೆ. ನೋಡುವವರ ಕಣ್ಣು, ಕ್ಯಾಮೆರಾ ಎರಡೂ ಅತ್ತಲೇ.

ಹೆಂಗಸರ ಹಾಡಿಗೆ ವೇಷವಿಲ್ಲ, ವಾದ್ಯವಿಲ್ಲ, ಇರುವುದು ಕೊರಳೊಂದೇ. ಒಬ್ಬಾಕೆ ಸೊಲ್ಲು ಎತ್ತಿಕೊಡುತ್ತಾಳೆ, ಉಳಿದವರು ಅದನ್ನು ಹಿಡಿದು ಮರಳಿ ಹಾಡುತ್ತಾರೆ. ಅವರು ಹಾಡುವಷ್ಟು ಹೊತ್ತು ಮೊದಲಿನಾಕೆಗೆ ಉಸಿರು ತೆಗೆದುಕೊಳ್ಳಲು ಬಿಡುವು, ಮುಂದಿನ ಸಾಲು ನೆನೆಯಲು ಸಮಯ. ಪುಸ್ತಕ ಮುಟ್ಟದವರು ಇಡೀ ಮದುವೆಯನ್ನು ಹಾಡಿನಲ್ಲೇ ನಡೆಸುತ್ತಿದ್ದುದು ಈ ಉಪಾಯದಿಂದ. ಅರಿಸಿನ ಹಚ್ಚುವಾಗ ಒಂದು, ಧಾರೆಗೆ ಇನ್ನೊಂದು, ಹೆಣ್ಣನ್ನು ಕಳಿಸಿಕೊಡುವಾಗ ಮತ್ತೊಂದು. ಬೀಸುವ ಕಲ್ಲಿನ ಹಾಡೇ ಬೇರೆ, ನೆಟ್ಟಿಯ ಗದ್ದೆಯ ಹಾಡೇ ಬೇರೆ. ಹಾಡು ಬಂದರೆ ಸಾಲದು, ಅದು ಯಾವ ಹೊತ್ತಿನದು ಎಂಬುದೂ ಗೊತ್ತಿರಬೇಕು. ಶಾಲೆಯ ಮೆಟ್ಟಿಲು ಹತ್ತದ ಸುಕ್ರಜ್ಜಿಗೆ ಇದನ್ನು ಕಲಿಸಿದ್ದು ತಾಯಿ. ಅದನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ಕೇರಿಯ ಹೆಂಗಸರನ್ನು, ಹುಡುಗಿಯರನ್ನು ಕೂಡಿಸಿ ಕಲಿಸಿದರು. ತಂಡ ಕಟ್ಟಿಕೊಂಡು ಊರೂರಿಗೆ ಹೋದರು. ಕಾರವಾರ ಆಕಾಶವಾಣಿಗೂ ಹಾಡಿದರು.

ಹಾಡಲು ಕೂಡಿದ ಹೆಂಗಸರೇ ಸಾರಾಯಿ ವಿರುದ್ಧವೂ ಎದ್ದರು ಎಂಬುದು ಅಚ್ಚರಿಯಲ್ಲ. ಕುಡಿತ ಸುಕ್ರಜ್ಜಿಯ ಮನೆಯನ್ನೂ ಬಿಟ್ಟಿರಲಿಲ್ಲ. ಗಂಡ ಬೇಗ ತೀರಿಕೊಂಡರು, ಸಾಕಿದ ಮಗನನ್ನೂ ಕುಡಿತ ಕಿತ್ತುಕೊಂಡಿತು. ಅಳುತ್ತ ಕೂರುವ ಬದಲು ಅವರು ಬಡಗೇರಿಯಲ್ಲಿ ಸಾರಾಯಿ ಬೇಡವೆಂದು ಹೆಂಗಸರನ್ನು ಮುಂದೆ ನಿಂತು ನಡೆಸಿದರು. ಇಡೀ ರಾಜ್ಯದಲ್ಲಿ ಸಾರಾಯಿ ನಿಷೇಧವಾದದ್ದು ಅದಾದ ಮೇಲೆ, 2007ರ ಜುಲೈನಲ್ಲಿ.

ಜಾನಪದಶ್ರೀ, ನಾಡೋಜ, ಪದ್ಮಶ್ರೀ ಒಂದೊಂದಾಗಿ ಬಂದವು. ಪ್ರಶಸ್ತಿಗೆ ಒಬ್ಬರ ಹೆಸರು ಬೇಕಲ್ಲ. ಹಿಂದೆ ಕೂತು ಸೊಲ್ಲು ಮರಳಿಸಿದವರ ಹೆಸರು ಯಾವ ಫಲಕದಲ್ಲೂ ಬರಲಿಲ್ಲ. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಹಾಲಕ್ಕಿಗಳ ಕೂಗಿಗೆ ಅಜ್ಜಿಯೂ ದನಿಗೂಡಿಸಿದ್ದರು. ಅವರನ್ನು ಸನ್ಮಾನಿಸಿದಷ್ಟು ಸಲೀಸಾಗಿ ಆ ಕೂಗಿಗೆ ಉತ್ತರ ಸಿಗಲಿಲ್ಲ.

ಹಸಿರು ಕಾದ ಇನ್ನೊಬ್ಬ ಹಾಲಕ್ಕಿ ಅಜ್ಜಿ ತುಳಸಿ ಗೌಡ 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಎರಡು ತಿಂಗಳೊಳಗೆ, 2025ರ ಫೆಬ್ರುವರಿ 13ರಂದು, ಸುಕ್ರಜ್ಜಿಯೂ ಹೋದರು. ಉತ್ತರ ಕನ್ನಡ ಜಿಲ್ಲೆ ಇಬ್ಬರು ಅಜ್ಜಿಯರನ್ನು ಹೀಗೆ ಬೆನ್ನುಬೆನ್ನಿಗೆ ಕಳೆದುಕೊಂಡಿತು.

ಹೊನ್ನಾವರದ ಎನ್.ಆರ್. ನಾಯಕ, ಶಾಂತಿ ನಾಯಕ ದಂಪತಿಯಂಥವರ ದುಡಿಮೆಯಿಂದ ಉತ್ತರ ಕನ್ನಡದ ಜನಪದ ಹಾಡುಗಳು ಪುಸ್ತಕ ಸೇರಿವೆ. ಅಷ್ಟರಮಟ್ಟಿಗೆ ಅವು ಉಳಿದವು. ಆದರೆ ಈಗ ನೆಟ್ಟಿಗೆ ಯಂತ್ರ ಬಂದಿದೆ, ಮದುವೆಗೆ ಹಾಲ್ ಬಂದಿದೆ. ಅಲ್ಲಿ ಧ್ವನಿವರ್ಧಕದ ಮುಂದೆ ಹೆಂಗಸರು ಸುತ್ತ ಕೂರಲು ಜಾಗವೂ ಇಲ್ಲ, ಪುರುಸೊತ್ತೂ ಇಲ್ಲ. ಅಂಕೋಲೆಯ ಶಾಲೆಗಳಲ್ಲಿ ವಾರಕ್ಕೊಂದು ಗಂಟೆ ಅಜ್ಜಿಯ ಜೊತೆ ಹಾಡಿದವರನ್ನು ಕರೆಸಿದರೆ ಖರ್ಚೇನೂ ಹೆಚ್ಚಲ್ಲ. ಸೊಲ್ಲು ಎತ್ತಿಕೊಡಬಲ್ಲವರು ಇನ್ನೂ ಕೆಲವರಿದ್ದಾರೆ. ಮರಳಿ ಹಾಡುವವರು ಬೇಕು.