ಆರು ತಿಂಗಳ ಅವಸರ

ಒಂದನೇ ತರಗತಿಗೆ ಸೇರಲು ಆರು ವರ್ಷ ತುಂಬಿರಬೇಕು ಎಂಬ ನಿಯಮವನ್ನು 2025ರ ಏಪ್ರಿಲ್‌ನಲ್ಲಿ ಸರ್ಕಾರ ಆ ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳಿಗೆ ಇಳಿಸಿತು. ಅದನ್ನು ಪ್ರಕಟಿಸಿದ ಶಿಕ್ಷಣ ಸಚಿವ ಮಧು ಬಂಗಾರಪ್ಪ ನಮ್ಮ ಸೊರಬದ ಶಾಸಕರೇ. ಐದೂವರೆ ವರ್ಷದ ಮಗಳಿಗೆ ಒಂದು ವರ್ಷ ಉಳೀತು ಅಂತ ನಾನು ಹಿಗ್ಗಿದ್ದೇ ಹಿಗ್ಗಿದ್ದು.

ಶಾಲೆ ಶುರುವಾದ ಮೇಲೆ ದಿನಾ ಸಂಜೆ ಕಾಪಿ ಬರೆಯುವಾಗ ಅಳು. "ಟ್ಯೂಷನ್‌ಗೆ ಹಾಕ್ತೀನಿ" ಅಂದೆ. ಶಿಕಾರಿಪುರದಿಂದ ಬಂದಿದ್ದ ಅಮ್ಮ, "ಎಂತ ಅವಸರ ಮಾರಾಯ್ತಿ ನಿಂಗೆ?" ಅಂದ್ರು.

ಆ ರಾತ್ರಿ ಮೊಬೈಲ್ ಹಿಡಿದು ಬೇರೆ ದೇಶಗಳ ಲೆಕ್ಕ ನೋಡಿದೆ. ಫಿನ್ಲೆಂಡಿನಲ್ಲಿ ಒಂಬತ್ತನೇ ತರಗತಿವರೆಗೂ ಪಬ್ಲಿಕ್ ಪರೀಕ್ಷೆ ಇಲ್ಲ. ಸಿಂಗಪುರದಲ್ಲಿ ಆರನೆಯದರಲ್ಲೇ ದೊಡ್ಡ ಪರೀಕ್ಷೆ. ಹದಿನೈದರ ಹರೆಯದವರಿಗೆ ನಡೆಯುವ ಅಂತಾರಾಷ್ಟ್ರೀಯ ಪೀಸಾ ಪರೀಕ್ಷೆಯಲ್ಲಿ 2000ದಲ್ಲಿ ಓದಿಗೆ ಫಿನ್ಲೆಂಡ್ ಮೊದಲು. 2022ರಲ್ಲಿ ಗಣಿತ, ವಿಜ್ಞಾನ, ಓದು ಮೂರಕ್ಕೂ ಸಿಂಗಪುರ ಮೊದಲು. ದಾರಿ ಬೇರೆ ಬೇರೆ. ಆದರೆ ಎರಡೂ ಕಡೆ ಮಗು ಒಂದನೇ ತರಗತಿಗೆ ಹೋಗೋದು ಏಳು ತುಂಬುವ ವರ್ಷದಲ್ಲೇ!

ಟ್ಯೂಷನ್ ಮಾತು ಬಿಟ್ಟೆ. ಈಗ ಸಂಜೆ ಅರ್ಧ ಪುಟ ಕಾಪಿ, ಆಮೇಲೆ ಅಂಗಳದಲ್ಲಿ ಆಟ. ನಿಮ್ಮನೇಲೂ ಐದೂವರೆಯ ಪುಟ್ಟಿ ಇದ್ರೆ, ದಯವಿಟ್ಟು ಒಂದು ವರ್ಷ ಕಾಯಿರಿ.